ಗಿಡದ ಸಿಹಿ ಮತ್ತು ಊಟದ ನಂತರದ ಶುಗರ್: ‘ಬದಲಿಗೆ’ ಅನ್ನುವ ಒಂದು ಪದ

ಅಮ್ಮನಿಗೆ ಶುಗರ್ ಬಂದು 11 ವರ್ಷವಾಯಿತು. ಈಚೆಗೆ ಯಾರೋ ಹೇಳಿದರೆಂದು ಒಂದು ಡಬ್ಬಿ ಬಿಳಿ ಪುಡಿ ತರಿಸಿಕೊಂಡಿದ್ದರು. ಡಬ್ಬಿಯ ಮೇಲೆ ದೊಡ್ಡದಾಗಿ ‘ಗಿಡದಿಂದ ಬಂದ ಪ್ರಿಬಯಾಟಿಕ್ ಸಿಹಿ’ ಎಂದಿತ್ತು. ಒಳಗಿದ್ದದ್ದು ಇನ್ಯುಲಿನ್ ಎಂಬ ಗಿಡದ ನಾರು. ಚಹಾಕ್ಕೆ ಎಂದಿನಂತೆ ಒಂದೂವರೆ ಚಮಚ ಸಕ್ಕರೆ ಹಾಕಿಕೊಂಡು, ಅದರ ಮೇಲೆ ಈ ಪುಡಿಯನ್ನೂ ಒಂದು ಚಮಚ ಕದಡಿ ಕುಡಿಯುತ್ತಿದ್ದರು. ನಾಲ್ಕು ದಿನ ಬೆರಳು ಚುಚ್ಚಿ ನೋಡಿದರು. ಮೀಟರಿನ ಅಂಕಿ ಇದ್ದಲ್ಲೇ ಇತ್ತು. ‘ಇದೇನೂ ಇಳಿಸಲ್ಲ ಕಣೋ’ ಎಂದು ಡಬ್ಬಿಯನ್ನು ಕಪಾಟಿನ ಮೂಲೆಗೆ ತಳ್ಳಿದರು.

ಅಮ್ಮ ಹೇಳಿದ್ದು ನಿಜ. ಅದು ಇಳಿಸುವುದಿಲ್ಲ. ಸಕ್ಕರೆಯನ್ನು ತೆಗೆದು ಆ ಜಾಗಕ್ಕೆ ಇದನ್ನು ಹಾಕಿದರೆ, ಆ ಸಕ್ಕರೆಯಿಂದ ಆಗಬೇಕಿದ್ದ ಏರಿಕೆ ಆಗುವುದಿಲ್ಲ. ಅದರ ಕೆಲಸ ಅಷ್ಟೇ. ಸಕ್ಕರೆಯ ಜೊತೆಗೆ ಹಾಕಿದರೆ ಸಕ್ಕರೆ ತನ್ನ ಪಾಡಿಗೆ ತಾನು ಏರಿಸುತ್ತದೆ, ಪುಡಿ ತನ್ನ ಪಾಡಿಗೆ ತಾನು ಕೆಳಗಿಳಿದು ಹೋಗುತ್ತದೆ. ಇದು ಯಾಕೆ ಹೀಗೆ ಅಂತ ಅಮ್ಮನಿಗೆ ಕೂತು ವಿವರಿಸಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಇಡೀ ರಕ್ತಕ್ಕೆ ಒಂದೇ ಚಮಚ

ಒಂದು ಸಣ್ಣ ಲೆಕ್ಕ ಮಾಡೋಣ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ 90 ಇದೆ ಅಂದರೆ, ಒಂದು ಡೆಸಿಲೀಟರ್ ರಕ್ತದಲ್ಲಿ 90 ಮಿಲಿಗ್ರಾಂ ಗ್ಲೂಕೋಸ್ ಇದೆ ಎಂದರ್ಥ. 5 ಲೀಟರ್ ಅಂದರೆ 50 ಡೆಸಿಲೀಟರ್. ಗುಣಿಸಿದರೆ ನಾಲ್ಕೂವರೆ ಗ್ರಾಂ. ಅಂದರೆ ಒಂದು ಟೀ ಚಮಚ. ನಿಮ್ಮ ಇಡೀ ರಕ್ತದಲ್ಲಿ ಓಡಾಡುತ್ತಿರುವ ಸಕ್ಕರೆ ಅಷ್ಟೇ.

ಈಗ ಒಂದು ಊಟ ಮಾಡುತ್ತೀರಿ. ಅದರಲ್ಲಿ 60–70 ಗ್ರಾಂ ಕಾರ್ಬೋಹೈಡ್ರೇಟ್ ಇರುವುದು ತೀರಾ ಸಾಮಾನ್ಯ. ಒಂದು ಚಮಚ ಇರುವ ಕಡೆ ಹದಿನಾಲ್ಕು ಹದಿನೈದು ಚಮಚ ಬರಲಿಕ್ಕೆ ಶುರುವಾಗುತ್ತದೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಇನ್ಸುಲಿನ್ ಬಂದ ತಕ್ಷಣ ಸ್ನಾಯು, ಯಕೃತ್ತು, ಕೊಬ್ಬಿನ ಕೋಶಗಳು ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತವೆ. ಆರೋಗ್ಯವಂತರಲ್ಲಿ ಶುಗರ್ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತುದಿ ಮುಟ್ಟಿ, ಎರಡು ಗಂಟೆಯ ಹೊತ್ತಿಗೆ 140ರ ಕೆಳಗೆ ಬಂದಿರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇನ್ಸುಲಿನ್ ಸಾಲದು, ಇಲ್ಲವೇ ಕೋಶಗಳು ಅದರ ಮಾತು ಸರಿಯಾಗಿ ಕೇಳುವುದಿಲ್ಲ. ಹಾಗಾಗಿ ತುದಿ ಎತ್ತರಕ್ಕೆ ಹೋಗುತ್ತದೆ, ಇಳಿಯಲು ಜಾಸ್ತಿ ಹೊತ್ತು ಬೇಕಾಗುತ್ತದೆ.

ಊಟದ ನಂತರದ ಅಂಕಿಯನ್ನು ನಿರ್ಧರಿಸುವುದರಲ್ಲಿ ಎರಡು ಸಂಗತಿಗಳು ದೊಡ್ಡವು. ಸಣ್ಣ ಕರುಳಿನಿಂದ ರಕ್ತಕ್ಕೆ ಎಷ್ಟು ಗ್ಲೂಕೋಸ್ ಬಂತು, ಮತ್ತು ಎಷ್ಟು ಬೇಗ ಬಂತು. ‘ಸಣ್ಣ ಕರುಳಿನಿಂದ’ ಅನ್ನುವುದನ್ನು ಗುರುತು ಹಾಕಿ ಇಟ್ಟುಕೊಳ್ಳಿ. ಗ್ಲೂಕೋಸ್ ಒಳಗೆ ಬರುವ ಬಾಗಿಲು ಅಲ್ಲೇ ಇರುವುದು. ಅದನ್ನು ದಾಟಿ ದೊಡ್ಡ ಕರುಳಿಗೆ ಹೋದದ್ದು ಗ್ಲೂಕೋಸಾಗಿ ರಕ್ತಕ್ಕೆ ವಾಪಸ್ ಬರುವುದಿಲ್ಲ.

ಬಿಚ್ಚಲಾಗದ ಗಂಟು

ಕಾರ್ಬೋಹೈಡ್ರೇಟ್ ಅಂದರೆ ಸಣ್ಣ ಸಣ್ಣ ಸಕ್ಕರೆ ಮಣಿಗಳನ್ನು ಗಂಟು ಹಾಕಿ ಕಟ್ಟಿದ ಸರ. ಪಿಷ್ಟದಲ್ಲಿ ಗ್ಲೂಕೋಸ್ ಮಣಿಗಳು ಸಾವಿರಗಟ್ಟಲೆ ಸಾಲಾಗಿ ಕೂತಿರುತ್ತವೆ. ನಾವು ದಿನಾ ಬಳಸುವ ಸಕ್ಕರೆಯಲ್ಲಿ ಎರಡೇ ಮಣಿ, ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್. ಕರುಳು ಒಂಟಿ ಮಣಿಗಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಮೊದಲು ಗಂಟು ಬಿಚ್ಚಬೇಕು. ಆ ಕೆಲಸಕ್ಕೆ ಕಿಣ್ವಗಳಿವೆ. ಜೊಲ್ಲಿನಲ್ಲೇ ಒಂದು ಶುರು ಮಾಡುತ್ತದೆ, ಇನ್ನೊಂದು ಮೇದೋಜೀರಕ ಗ್ರಂಥಿಯಿಂದ ಬರುತ್ತದೆ, ಉಳಿದವು ಸಣ್ಣ ಕರುಳಿನ ಗೋಡೆಯ ಮೇಲೆ ಕಾದು ಕೂತಿರುತ್ತವೆ. ಒಂದೊಂದು ಕಿಣ್ವಕ್ಕೆ ಒಂದೊಂದು ಬಗೆಯ ಗಂಟು ಮಾತ್ರ ಬಿಚ್ಚಲು ಬರುತ್ತದೆ.

ಹೆಚ್ಚಿನ ಗಿಡಗಳು ತಮ್ಮ ಆಹಾರದ ದಾಸ್ತಾನನ್ನು ಪಿಷ್ಟದ ರೂಪದಲ್ಲಿ ಕೂಡಿಡುತ್ತವೆ. ಕೆಲವು ಗಿಡಗಳು ಹಾಗೆ ಮಾಡುವುದಿಲ್ಲ. ಚಿಕೋರಿ, ಡೇಲಿಯಾ, ಅಗಾವೆ, ಯಾಕೋನ್, ಈರುಳ್ಳಿ, ಬೆಳ್ಳುಳ್ಳಿ ಇವೆಲ್ಲ ಫ್ರಕ್ಟೋಸ್ ಮಣಿಗಳನ್ನು ಸರ ಮಾಡಿ ಇಟ್ಟುಕೊಳ್ಳುತ್ತವೆ. ಪಿಷ್ಟ ನೀರಿನಲ್ಲಿ ಕರಗುವುದಿಲ್ಲ, ಈ ಸರ ಕರಗುತ್ತದೆ. ಚಳಿ ಮತ್ತು ಬರ ತಡೆದುಕೊಳ್ಳಲು ಗಿಡಕ್ಕೆ ಅದರಿಂದ ಅನುಕೂಲ. ಈ ಸರಕ್ಕೆ ಹಾಕಿರುವ ಗಂಟು ನಮ್ಮ ಯಾವ ಕಿಣ್ವಕ್ಕೂ ಗೊತ್ತಿಲ್ಲ. ರಸಾಯನಶಾಸ್ತ್ರದಲ್ಲಿ ಅದಕ್ಕೆ ಬೀಟಾ 2-1 ಕೊಂಡಿ ಎನ್ನುತ್ತಾರೆ. ಹಾಗಾಗಿ ಸರ ಹಾಗೇ ಇಡಿಯಾಗಿ ಸಣ್ಣ ಕರುಳನ್ನು ದಾಟಿ ಹೋಗುತ್ತದೆ. ಬಾಗಿಲ ಮುಂದೆ ಹಾದು ಹೋಗುತ್ತದೆ, ಒಳಗೆ ಬರುವುದಿಲ್ಲ.

1804ರಲ್ಲಿ ಜರ್ಮನಿಯ ವ್ಯಾಲೆಂಟಿನ್ ರೋಸ್ ಎಂಬ ವಿಜ್ಞಾನಿ ಇದನ್ನು ಮೊದಲು ಬೇರ್ಪಡಿಸಿದರು. ಅವರು ಬಳಸಿದ್ದು ಇನ್ಯುಲಾ ಎಂಬ ಗಿಡದ ಬೇರನ್ನು. ಅದರಿಂದಲೇ ಇನ್ಯುಲಿನ್ ಅನ್ನುವ ಹೆಸರು ಬಂತು. ಇಲ್ಲೊಂದು ಎಚ್ಚರ ಹೇಳಲೇಬೇಕು. ಕನ್ನಡದಲ್ಲಿ ಬರೆದಾಗ ಇನ್ಯುಲಿನ್ ಮತ್ತು ಇನ್ಸುಲಿನ್ ನಡುವೆ ಇರುವುದು ಒಂದು ಒತ್ತಕ್ಷರದ ಆಟ. ಅಮ್ಮ ಮೊದಲು ಓದಿದ್ದೂ ‘ಇನ್ಸುಲಿನ್ ಪುಡಿ’ ಎಂದೇ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಇನ್ಸುಲಿನ್ ನಮ್ಮ ದೇಹದ ಹಾರ್ಮೋನು. ಮೇದೋಜೀರಕ ಗ್ರಂಥಿಯಲ್ಲಿ ದ್ವೀಪದ ಹಾಗೆ ಕಾಣುವ ಕೋಶಗಳ ಗುಂಪಿನಿಂದ ಅದು ಬರುತ್ತದೆ. ಲ್ಯಾಟಿನ್ ಭಾಷೆಯಲ್ಲಿ ದ್ವೀಪಕ್ಕೆ ಇನ್ಸುಲಾ ಎನ್ನುತ್ತಾರೆ, ಆ ಹೆಸರು ಅಲ್ಲಿಂದ. ಒಂದು ಗಿಡದ ಹೆಸರು, ಇನ್ನೊಂದು ದ್ವೀಪದ ಹೆಸರು. ಇನ್ಯುಲಿನ್ ಇನ್ಸುಲಿನ್‌ನ ಕೆಲಸ ಮಾಡುತ್ತದೆಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಇವತ್ತು ಮಾರಾಟಕ್ಕೆ ಬರುವ ಇನ್ಯುಲಿನ್‌ನಲ್ಲಿ ದೊಡ್ಡ ಪಾಲು ಚಿಕೋರಿ ಬೇರಿನದು. ಹುರಿದು ಕಾಫಿಗೆ ಬೆರೆಸುತ್ತಾರಲ್ಲ, ಅದೇ ಬೇರು. ಅದನ್ನು ಹೋಳು ಮಾಡಿ ಬಿಸಿನೀರಿನಲ್ಲಿ ನೆನೆಸಿದರೆ ಇನ್ಯುಲಿನ್ ನೀರಿಗೆ ಬಿಟ್ಟುಕೊಳ್ಳುತ್ತದೆ. ಅದನ್ನು ಶುದ್ಧ ಮಾಡಿ ಒಣಗಿಸಿದರೆ ಪುಡಿ. ಇದರಲ್ಲಿ 60 ಮಣಿಗಳವರೆಗಿನ ಉದ್ದದ ಸರಗಳಿರುತ್ತವೆ. ಕಿಣ್ವ ಹಾಕಿ ಈ ಸರಗಳನ್ನು 10 ಮಣಿಗಿಂತ ಚಿಕ್ಕದಾಗಿ ಕತ್ತರಿಸಿದರೆ ಆಲಿಗೋಫ್ರಕ್ಟೋಸ್.

ಬಾಯಿಗೆ ಹಾಕಿದರೆ ಇವುಗಳ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಅಮ್ಮನ ಡಬ್ಬಿಯಿಂದ ಒಂದು ಚಿಟಿಕೆ ಇನ್ಯುಲಿನ್ ನಾಲಿಗೆಯ ಮೇಲಿಟ್ಟುಕೊಂಡೆ. ಹಿಟ್ಟಿನ ಹಾಗೆ ಅಂಟಿಕೊಂಡಿತು, ಆಮೇಲೆ ನಿಧಾನವಾಗಿ ಕರಗುತ್ತಾ ದೂರದಲ್ಲೆಲ್ಲೋ ಸಿಹಿ ಇದೆ ಅನ್ನಿಸಿತು. ಒದ್ದೆ ಚಮಚಕ್ಕೆ ತಾಗಿದ್ದು ಗಂಟುಗಂಟಾಗಿ ಹಿಡಿದುಕೊಂಡಿತು. ಇನ್ಯುಲಿನ್‌ನ ಸಿಹಿ ಸಕ್ಕರೆಯ ಹತ್ತರಲ್ಲಿ ಒಂದು ಪಾಲು. ಆಲಿಗೋಫ್ರಕ್ಟೋಸ್ ಸಕ್ಕರೆಯ ಮೂರರಲ್ಲಿ ಒಂದು ಪಾಲಿನಷ್ಟು ಸಿಹಿ, ಒಳಗೆ ಬಿಡಿ ಸಕ್ಕರೆ ಜಾಸ್ತಿ ಉಳಿದಿರುವ ಸಿರಪ್‌ಗಳಲ್ಲಿ ಇನ್ನೂ ಹೆಚ್ಚು. ಸರ ಗಿಡ್ಡವಾದಷ್ಟೂ ಸಿಹಿ ಹೆಚ್ಚು. ಇದರಲ್ಲೇ ಒಂದು ಸುಳಿವಿದೆ. ಗಿಡದ ಸಿಹಿ ಎಂದು ಕೊಂಡದ್ದು ಸಕ್ಕರೆಯಷ್ಟೇ ಸಿಹಿಯಾಗಿದ್ದರೆ, ಅದರಲ್ಲಿ ಈ ಸರಗಳ ಜೊತೆ ಬೇರೆ ಏನೋ ಸೇರಿದೆ. ಅದು ಏನು ಅನ್ನುವುದೇ ಮುಖ್ಯ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎರಡು ಗಡಿಯಾರ

‘ಪ್ರಿಬಯಾಟಿಕ್’ ಅನ್ನುವ ಪದವನ್ನು 1995ರಲ್ಲಿ ಗ್ಲೆನ್ ಗಿಬ್ಸನ್ ಮತ್ತು ಮಾರ್ಸೆಲ್ ರೋಬರ್‌ಫ್ರಾಯ್ಡ್ ಎಂಬ ವಿಜ್ಞಾನಿಗಳು ಚಾಲ್ತಿಗೆ ತಂದರು. ನಮಗೆ ಜೀರ್ಣವಾಗದೆ, ದೊಡ್ಡ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ವಸ್ತು ಎಂಬುದು ಅದರ ಸಾರ. ಬೈಫಿಡೋಬ್ಯಾಕ್ಟೀರಿಯಾಗಳಿಗೆ ಈ ಗಂಟು ಬಿಚ್ಚುವ ಕಿಣ್ವ ಇದೆ. ಇನ್ಯುಲಿನ್ ತಿನ್ನಿಸಿದಾಗ ಅವುಗಳ ಸಂಖ್ಯೆ ಏರುತ್ತದೆ ಅನ್ನುವುದು ಮತ್ತೆ ಮತ್ತೆ ಕಂಡ ಸಂಗತಿ.

ನನಗೆ ಇಡೀ ವಿಷಯ ಸ್ಪಷ್ಟವಾದದ್ದು ಸಮಯದ ಲೆಕ್ಕ ನೋಡಿದಾಗ. ಊಟದ ನಂತರ ಶುಗರ್ ತುದಿ ಮುಟ್ಟುವುದು ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ. ಕಾಯಿಲೆ ಇದ್ದವರಲ್ಲಿ ಸ್ವಲ್ಪ ತಡವಾಗಬಹುದು. ಆ ಹೊತ್ತಿಗೆ ನೀವು ತಿಂದ ಇನ್ಯುಲಿನ್ ಹೊಟ್ಟೆಯಲ್ಲೋ ಸಣ್ಣ ಕರುಳಿನಲ್ಲೋ ಇರುತ್ತದೆ. ಅದು ದೊಡ್ಡ ಕರುಳು ತಲುಪಿ, ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುವುದು ಹಲವು ಗಂಟೆಗಳ ಕೆಲಸ. ಹುದುಗುವಾಗ ಹೈಡ್ರೋಜನ್ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಬರುತ್ತದೆ. ಉಸಿರನ್ನು ಅಳೆದೇ ಹುದುಗುವಿಕೆ ಯಾವಾಗ ಶುರುವಾಯಿತೆಂದು ಕಂಡುಹಿಡಿಯುತ್ತಾರೆ.

ಅಂದರೆ ಈ ಊಟದ ನಂತರ ಮೀಟರಿನಲ್ಲಿ ಕಾಣುವ ಅಂಕಿಗೂ ‘ಪ್ರಿಬಯಾಟಿಕ್’ ಗುಣಕ್ಕೂ ಹೆಚ್ಚು ಕಡಿಮೆ ಸಂಬಂಧವೇ ಇಲ್ಲ. ಬ್ಯಾಕ್ಟೀರಿಯಾಗಳು ಕೆಲಸಕ್ಕೆ ಕೂರುವ ಮೊದಲೇ ಆ ಅಂಕಿ ಏರಿ ಇಳಿಯತೊಡಗಿರುತ್ತದೆ. ಅಂಕಿ ಕಡಿಮೆ ಬಂದರೆ ಕಾರಣ ಒಂದೇ: ಸಕ್ಕರೆ ಇರಬೇಕಾದ ಜಾಗದಲ್ಲಿ ಜೀರ್ಣವಾಗದ ವಸ್ತು ಇತ್ತು. ಒಳ್ಳೆಯ ಬ್ಯಾಕ್ಟೀರಿಯಾಗಳು ಬಂದು ಸಕ್ಕರೆಯನ್ನು ತಿಂದು ಹಾಕಿದವು ಅನ್ನುವ ಕಥೆ ಬಹಳ ಕಡೆ ಓಡಾಡುತ್ತಿದೆ. ಕೇಳಲು ಚೆನ್ನಾಗಿದೆ, ಆದರೆ ಸಮಯದ ಲೆಕ್ಕಕ್ಕೆ ಕೂರುವುದಿಲ್ಲ.

ಎರಡನೇ ಗಡಿಯಾರವೂ ಇದೆ, ಅದು ನಿಧಾನದ್ದು. ಬ್ಯಾಕ್ಟೀರಿಯಾಗಳು ಈ ಸರಗಳನ್ನು ಹುದುಗಿಸಿದಾಗ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ಇವು ಕರುಳಿನ ಗೋಡೆಯ ಕೆಲವು ಕೋಶಗಳನ್ನು ತಟ್ಟಿ ಜಿಎಲ್‌ಪಿ-1 ಮುಂತಾದ ಹಾರ್ಮೋನುಗಳನ್ನು ಬಿಡಿಸುತ್ತವೆ. ಹಸಿವು ತಗ್ಗಿಸುವುದು, ಊಟದ ಹೊತ್ತಿನಲ್ಲಿ ಇನ್ಸುಲಿನ್ ಚೆನ್ನಾಗಿ ಹೊರಬರುವಂತೆ ಮಾಡುವುದು ಈ ಹಾರ್ಮೋನಿನ ಕೆಲಸ. ಬೆಳಿಗ್ಗೆ ತಿಂದದ್ದರ ಪರಿಣಾಮ ಮುಂದಿನ ಊಟದ ಶುಗರ್ ಮೇಲೆ ಕಾಣುವುದಕ್ಕೆ ‘ಎರಡನೇ ಊಟದ ಪರಿಣಾಮ’ ಎಂದೇ ಹೆಸರಿದೆ. ಟೊರೊಂಟೊದ ಡೇವಿಡ್ ಜೆಂಕಿನ್ಸ್ ಅವರ ತಂಡ 1980ರ ದಶಕದ ಶುರುವಿನಲ್ಲಿ ಬೇಳೆಕಾಳುಗಳ ವಿಷಯದಲ್ಲಿ ಇದನ್ನು ತೋರಿಸಿತು. ಆಹಾರಕ್ಕೆ ಗ್ಲೈಸೆಮಿಕ್ ಇಂಡೆಕ್ಸ್, ಅಂದರೆ ಅದು ಶುಗರನ್ನು ಎಷ್ಟು ಏರಿಸುತ್ತದೆ ಎಂದು ಹೇಳುವ ಅಂಕಿ, ಕೊಡುವ ಪದ್ಧತಿಯನ್ನು 1981ರಲ್ಲಿ ಮುಂದಿಟ್ಟವರೂ ಅವರೇ.

ವಾರಗಟ್ಟಲೆ ಇನ್ಯುಲಿನ್ ತೆಗೆದುಕೊಂಡವರಲ್ಲಿ ಖಾಲಿ ಹೊಟ್ಟೆಯ ಶುಗರ್ ಸ್ವಲ್ಪ ಇಳಿದದ್ದು ಕೆಲವು ಪ್ರಯೋಗಗಳಲ್ಲಿ ಕಂಡಿದೆ. ಇನ್ನು ಕೆಲವು ಪ್ರಯೋಗಗಳಲ್ಲಿ ಏನೂ ಬದಲಾಗಿಲ್ಲ. ಹಾಗಾಗಿ ಈ ಎರಡನೇ ಗಡಿಯಾರವನ್ನು ನಂಬಿ ಮಾತ್ರೆ ಕಡಿಮೆ ಮಾಡುವ ಯೋಚನೆ ಬೇಡವೇ ಬೇಡ.

ಬದಲಿಗೆ ಹಾಕಿದರೆ ಎಷ್ಟು ಕಡಿಮೆ?

ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯದಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿವೆ. ಒಂದೊಂದರಲ್ಲೂ 40ರ ಆಸುಪಾಸು ಆರೋಗ್ಯವಂತರು. ಒಂದರಲ್ಲಿ ಮೊಸರಿನ ಪಾನೀಯ ಕೊಟ್ಟರು. ಅದರಲ್ಲಿ ಸಕ್ಕರೆಯನ್ನು ಶೇ. 20ರಷ್ಟು ಕಡಿಮೆ ಮಾಡಿ ಆ ಜಾಗಕ್ಕೆ ಆಲಿಗೋಫ್ರಕ್ಟೋಸ್ ಹಾಕಿದ್ದರು. ಇನ್ನೊಂದರಲ್ಲಿ ಹಣ್ಣಿನ ಜೆಲ್ಲಿ, ಶೇ. 30ರಷ್ಟು ಸಕ್ಕರೆಯ ಜಾಗದಲ್ಲಿ ಇನ್ಯುಲಿನ್. ಎರಡು ಗಂಟೆಯಲ್ಲಿ ಆದ ಶುಗರ್ ಏರಿಕೆಯ ಒಟ್ಟು ಮೊತ್ತ ಎರಡರಲ್ಲೂ ಶೇ. 15ರ ಹತ್ತಿರ ಕಡಿಮೆಯಾಯಿತು. ಈ ಸಂಶೋಧನೆಯಲ್ಲಿ ಇನ್ಯುಲಿನ್ ತಯಾರಿಸುವ ಕಂಪನಿಯವರೂ ಸೇರಿದ್ದರು, ಅದು ಓದುಗರಿಗೆ ಗೊತ್ತಿರಬೇಕು. ಆದರೂ ಫಲಿತಾಂಶ ನಂಬುವ ಹಾಗೇ ಇದೆ. ಸಕ್ಕರೆ ತೆಗೆದರೆ ಏರಿಕೆ ತಗ್ಗುವುದು ಲೆಕ್ಕಕ್ಕೆ ಸರಿಹೊಂದುವ ಮಾತು.

ಯುರೋಪಿನ ಕಾನೂನು ಇದನ್ನು ಒಂದೇ ಪದದಲ್ಲಿ ಹಿಡಿದಿಟ್ಟಿದೆ. ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆಯ ಅಭಿಪ್ರಾಯದ ಮೇಲೆ 2016ರಲ್ಲಿ ಜೀರ್ಣವಾಗದ ಕಾರ್ಬೋಹೈಡ್ರೇಟ್‌ಗಳಿಗೆ ಒಂದು ಹೇಳಿಕೆಯನ್ನು ಒಪ್ಪಿದರು. ಸಕ್ಕರೆಯ ಬದಲಿಗೆ ಇವನ್ನು ಬಳಸಿದ ಆಹಾರ ತಿಂದರೆ, ಸಕ್ಕರೆ ಇರುವ ಆಹಾರಕ್ಕಿಂತ ರಕ್ತದ ಶುಗರ್ ಕಡಿಮೆ ಏರುತ್ತದೆ ಎಂಬುದು ಅದರ ತಾತ್ಪರ್ಯ. ‘ಬದಲಿಗೆ’ ಅನ್ನುವುದನ್ನು ಬಿಟ್ಟು ಆ ಹೇಳಿಕೆಯನ್ನು ಛಾಪಿಸುವ ಹಾಗಿಲ್ಲ. ಜೊತೆಗೆ ಸಕ್ಕರೆ ಕಡಿಮೆಯಾದದ್ದು ಕನಿಷ್ಠ ಶೇ. 30 ಆದರೂ ಇರಬೇಕು.

ಇದನ್ನು ಓಟ್ಸ್ ಮತ್ತು ಬಾರ್ಲಿಯಲ್ಲಿರುವ ಬೀಟಾ ಗ್ಲೂಕನ್ ಜೊತೆ ಹೋಲಿಸಿ ನೋಡಿ. ಅದು ನೀರು ಕುಡಿದು ಲೋಳೆಯಾಗುವ ನಾರು. ಹೊಟ್ಟೆ ಖಾಲಿಯಾಗುವುದನ್ನೂ ಗ್ಲೂಕೋಸ್ ಕರುಳಿನ ಗೋಡೆ ಮುಟ್ಟುವುದನ್ನೂ ನಿಧಾನ ಮಾಡುತ್ತದೆ. ಊಟದಲ್ಲಿರುವ ಪ್ರತಿ 30 ಗ್ರಾಂ ಕಾರ್ಬೋಹೈಡ್ರೇಟಿಗೆ 4 ಗ್ರಾಂ ಬೀಟಾ ಗ್ಲೂಕನ್ ಇದ್ದರೆ ಊಟದ ನಂತರದ ಏರಿಕೆ ತಗ್ಗುತ್ತದೆ ಎಂದು ಅದೇ ಯುರೋಪ್ ಒಪ್ಪಿದೆ. ಇಸಬ್‌ಗೋಲ್ ಕೆಲಸ ಮಾಡುವುದೂ ಇದೇ ದಾರಿಯಲ್ಲಿ. ಇವು ಊಟದ ಜೊತೆಗೆ ಸೇರಿದಾಗ ಕೆಲಸ ಮಾಡುತ್ತವೆ. ಆಲಿಗೋಫ್ರಕ್ಟೋಸ್ ನೀರಿನಲ್ಲಿ ಸುಮ್ನೆ ಕರಗಿ ತೆಳ್ಳಗೆ ಇರುತ್ತದೆ, ಯಾರನ್ನೂ ತಡೆಯುವುದಿಲ್ಲ. ಅಮ್ಮ ಮಾಡಿದ್ದು ದಡ್ಡತನ ಖಂಡಿತ ಅಲ್ಲ. ಒಂದು ಬಗೆಯ ನಾರಿಗೆ ಸರಿಹೋಗುವ ಉಪಾಯವನ್ನು ಇನ್ನೊಂದು ಬಗೆಯ ನಾರಿಗೆ ಹಚ್ಚಿದ್ದರು, ಅಷ್ಟೇ.

ಇನ್ನೊಂದು ಲೆಕ್ಕ ಹೇಳದಿದ್ದರೆ ನಿರಾಸೆ ಖಂಡಿತ. ಒಂದು ಊಟದಲ್ಲಿ 60 ಗ್ರಾಂ ಪಿಷ್ಟ ಇದೆ, ಕೊನೆಗೊಂದು ಸಿಹಿ ತಿಂಡಿಯಲ್ಲಿ 10 ಗ್ರಾಂ ಸಕ್ಕರೆ ಇದೆ ಅಂದುಕೊಳ್ಳಿ. ಪಿಷ್ಟ ಪೂರ್ತಿ ಗ್ಲೂಕೋಸ್ ಆಗುತ್ತದೆ. ಸಕ್ಕರೆಯಲ್ಲಿ ಅರ್ಧ ಮಾತ್ರ ಗ್ಲೂಕೋಸ್, ಅಂದರೆ 5 ಗ್ರಾಂ. ಒಟ್ಟು 65. ಆ ಸಕ್ಕರೆಯನ್ನು ಪೂರ್ತಿ ತೆಗೆದು ಗಿಡದ ಸಿಹಿ ಹಾಕಿದರೂ ಬರುವುದು 60. ಮೀಟರಿನಲ್ಲಿ ಈ ವ್ಯತ್ಯಾಸ ಕಂಡರೂ ಕಂಡೀತು, ಕಾಣದೆಯೂ ಇದ್ದೀತು. ಅದೇ 25 ಗ್ರಾಂ ಸಕ್ಕರೆಯ ಒಂದು ಲೋಟ ತಂಪು ಪಾನೀಯವನ್ನು ಬೇರೇನೂ ತಿನ್ನದೆ ಕುಡಿಯುವವರು ಅದರ ಸಕ್ಕರೆಯನ್ನೆಲ್ಲ ಬದಲಿಸಿದರೆ, ಹನ್ನೆರಡೂವರೆ ಗ್ರಾಂ ಗ್ಲೂಕೋಸ್ ಹತ್ತಿರ ಹತ್ತಿರ ಸೊನ್ನೆಗೆ ಬರುತ್ತದೆ. ರಕ್ತದಲ್ಲಿರುವುದು ಒಂದೇ ಚಮಚ ಎಂದು ನೆನಪಿಟ್ಟುಕೊಂಡರೆ ಇದು ದೊಡ್ಡ ಮಾತು. ಸಕ್ಕರೆಯೇ ಮುಖ್ಯವಾಗಿರುವ ಪದಾರ್ಥದಲ್ಲಿ ಬದಲಿ ಸಿಹಿ ಫಲ ಕೊಡುತ್ತದೆ. ಪಿಷ್ಟದ ಗುಡ್ಡದ ಮೇಲೆ ಚಿಮುಕಿಸಿದರೆ ಅಷ್ಟಕ್ಕಷ್ಟೇ. ಆ ಗುಡ್ಡವನ್ನೇ ಚಿಕ್ಕದು ಮಾಡುವುದು ಬೇರೆ ಕೆಲಸ.

ಲೇಬಲ್ ತಿರುಗಿಸಿ ನೋಡಿ

ಸಿಹಿ ಜಾಸ್ತಿ ಇದ್ದರೆ ಬೇರೆ ಏನೋ ಸೇರಿದೆ ಎಂದೆನಲ್ಲ, ಈಗ ಅದು. ಡಬ್ಬಿಯ ಮುಂದಿನ ದೊಡ್ಡ ಅಕ್ಷರ ಬಿಡಿ. ಹಿಂದೆ ‘ಸಕ್ಕರೆಗಳು’ ಎಂಬ ಸಾಲು ಇರುತ್ತದೆ, ‘ನಾರಿನಂಶ’ ಎಂಬ ಸಾಲೂ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಒಳ್ಳೆಯ ಇನ್ಯುಲಿನ್ ಪುಡಿಯಲ್ಲಿ ನಾರು ಬಹುಪಾಲು, ಸಕ್ಕರೆ ಚೂರು. ಸಿರಪ್‌ಗಳಲ್ಲಿ ಈ ಪ್ರಮಾಣ ತೀರಾ ಏರುಪೇರು. ಯಾಕೋನ್ ಗೆಡ್ಡೆಯ ಸಿರಪ್ ಇದಕ್ಕೆ ಒಳ್ಳೆಯ ಉದಾಹರಣೆ. ಆ ಗೆಡ್ಡೆ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ್ದು. ಅದರಲ್ಲಿ ಜೀರ್ಣವಾಗದ ಸರಗಳಿವೆ, ಹೌದು. ಜೊತೆಗೆ ಬಿಡಿ ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸ್ (ಅಂದರೆ ಮಾಮೂಲಿ ಸಕ್ಕರೆ) ಕೂಡ ಗಣನೀಯವಾಗಿ ಇರುತ್ತವೆ. ಗೆಡ್ಡೆಯನ್ನು ಕಿತ್ತ ಮೇಲೆ ಎಷ್ಟು ದಿನ ಇಟ್ಟರು ಅನ್ನುವುದರ ಮೇಲೂ ಸರಗಳು ಒಡೆದು ಸಕ್ಕರೆ ಏರುತ್ತಾ ಹೋಗುತ್ತದೆ.

ಅಗಾವೆ ಸಿರಪ್ ಬಗ್ಗೆ ನನಗೆ ಹೆಚ್ಚು ಚಿಂತೆ. ಅಗಾವೆ ಗಿಡದಲ್ಲಿ ಇರುವುದು ಇದೇ ಬಗೆಯ ಸರ, ನಿಜ. ಆದರೆ ಸಿರಪ್ ಮಾಡುವಾಗ ಕಾಯಿಸಿಯೋ ಕಿಣ್ವ ಹಾಕಿಯೋ ಆ ಸರಗಳನ್ನೆಲ್ಲ ಒಡೆದು ಬಿಡುತ್ತಾರೆ. ಕೊನೆಗೆ ಉಳಿಯುವುದು ಬಹುಪಾಲು ಬಿಡಿ ಫ್ರಕ್ಟೋಸ್. ಅದರ ಗ್ಲೈಸೆಮಿಕ್ ಇಂಡೆಕ್ಸ್ ಕಡಿಮೆ ಎಂದು ಜಾಹೀರಾತು ಹೇಳುತ್ತದೆ, ಅದು ಸುಳ್ಳಲ್ಲ. ಆದರೆ ಫ್ರಕ್ಟೋಸ್ ಕರುಳಿನಲ್ಲಿ ಹೀರಿಕೊಂಡು ನೇರ ಯಕೃತ್ತಿಗೆ ಹೋಗುತ್ತದೆ. ಮೀಟರ್ ಗ್ಲೂಕೋಸನ್ನು ಮಾತ್ರ ಅಳೆಯುತ್ತದೆ, ಆದ್ದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಕ್ಯಾಲೊರಿ ಸಕ್ಕರೆಯಷ್ಟೇ, ಗ್ರಾಂಗೆ 4. ಅತಿಯಾದರೆ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ. ಇನ್ಯುಲಿನ್‌ನ ಅಂಕಿ ಕಡಿಮೆ ಇರುವುದು ಅದು ಒಳಗೆ ಬಾರದ ಕಾರಣಕ್ಕೆ. ಅಗಾವೆ ಸಿರಪ್‌ನ ಅಂಕಿ ಕಡಿಮೆ ಇರುವುದು ಮೀಟರ್ ನೋಡದ ಬಾಗಿಲಿನಿಂದ ಅದು ಒಳಗೆ ಬರುವ ಕಾರಣಕ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಐಸೋಮಾಲ್ಟೋ ಆಲಿಗೋಸ್ಯಾಕರೈಡ್ ಎಂಬ ಉದ್ದ ಹೆಸರಿನ ಸಿರಪ್ ಒಂದಿದೆ. ಐಎಂಒ ಎಂದು ಚಿಕ್ಕದಾಗಿ ಬರೆಯುತ್ತಾರೆ. ಪ್ರೋಟೀನ್ ಬಾರ್‌ಗಳಲ್ಲಿ ಇದನ್ನು ನಾರು ಎಂದು ತೋರಿಸುತ್ತಿದ್ದರು. ಇದರ ಮಣಿಗಳು ಗ್ಲೂಕೋಸಿನವು, ಗಂಟುಗಳಲ್ಲಿ ಎಷ್ಟೋ ನಮ್ಮ ಕಿಣ್ವಕ್ಕೆ ಬಿಚ್ಚಲು ಬರುತ್ತವೆ. ಹಾಗಾಗಿ ಶುಗರ್ ಏರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಇನ್ಯುಲಿನ್ ಬಗೆಯವನ್ನು ನಾರಿನ ಪಟ್ಟಿಗೆ ಸೇರಿಸಿತು, ಐಎಂಒ ಆ ಪಟ್ಟಿಯಲ್ಲಿ ಇರಲಿಲ್ಲ.

ಸ್ಟೀವಿಯಾ ಕೂಡ ಗಿಡದ್ದೇ. ಅದು ಶುಗರ್ ಏರಿಸುವುದಿಲ್ಲ, ಆದರೆ ಅದನ್ನು ಪ್ರಿಬಯಾಟಿಕ್ ಎಂದು ಕರೆಯುವುದು ತಪ್ಪು. ಸಕ್ಕರೆಗಿಂತ 200–300 ಪಟ್ಟು ಸಿಹಿಯಾದ್ದರಿಂದ ಒಂದು ಲೋಟಕ್ಕೆ ಬೇಕಾಗುವುದು ಕಣ್ಣಿಗೆ ಕಾಣದಷ್ಟು. ಚಮಚ ತುಂಬಲು ಅದರ ಜೊತೆ ಏನನ್ನಾದರೂ ಬೆರೆಸಲೇಬೇಕು. ಬೆರೆಸಿದ್ದು ಇನ್ಯುಲಿನ್ ಆದರೆ ಸಂತೋಷ. ಮಾಲ್ಟೋಡೆಕ್ಸ್‌ಟ್ರಿನ್ ಆದರೆ, ಅದು ಗ್ಲೂಕೋಸಿನಷ್ಟೇ ಬೇಗ ಶುಗರ್ ಏರಿಸುವ ವಸ್ತು. ಒಂದು ಚಿಟಿಕೆಗೆ ತೊಂದರೆ ಇಲ್ಲ, ಬಟ್ಟಲುಗಟ್ಟಲೆ ಹಾಕಿ ಬೇಯಿಸುವವರು ಮಾತ್ರ ನೋಡಿಕೊಳ್ಳಬೇಕು.

ಅಡುಗೆಯಲ್ಲೂ ಒಂದು ವಿಷಯ ಗಮನಿಸಿ. ಹುಳಿ ಮತ್ತು ಬಿಸಿ ಎರಡೂ ಸೇರಿದರೆ ಈ ಗಂಟುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ನಿಂಬೆರಸದ ಜೊತೆ ಹೊತ್ತುಗಟ್ಟಲೆ ಕುದಿಸಿದರೆ ಸರ ಒಡೆದು ಫ್ರಕ್ಟೋಸ್ ಆಗುತ್ತದೆ. ಬ್ರೆಡ್ ಹಿಟ್ಟಿಗೆ ಹಾಕಿದರೆ ಅಲ್ಲಿರುವ ಯೀಸ್ಟ್ ಸುಮಾರನ್ನು ತಿಂದು ಮುಗಿಸುತ್ತದೆ, ಅದರಲ್ಲೂ ಗಿಡ್ಡ ಸರಗಳನ್ನು. ಮೊಸರು, ಹಾಲು, ಚಹಾದಲ್ಲಿ ಕದಡಿಕೊಂಡರೆ ಈ ತೊಂದರೆ ಇಲ್ಲ.

ಹೊಟ್ಟೆ ಉಬ್ಬರ

ಇದನ್ನು ಹೇಳಲು ಎಷ್ಟೋ ಜನ ಸಂಕೋಚ ಪಡುತ್ತಾರೆ. ಬ್ಯಾಕ್ಟೀರಿಯಾ ಹುದುಗಿಸಿದರೆ ಗ್ಯಾಸ್ ಹುಟ್ಟದೆ ಇರುತ್ತದಾ? ಹೊಟ್ಟೆ ಉಬ್ಬುತ್ತದೆ, ಗುಡುಗುಡು ಎನ್ನುತ್ತದೆ. ಗಿಡ್ಡ ಸರಗಳು ಬೇಗ ಹುದುಗುತ್ತವೆ, ಆದ್ದರಿಂದ ಆಲಿಗೋಫ್ರಕ್ಟೋಸ್‌ನಲ್ಲಿ ಇದು ಜಾಸ್ತಿ. ಮೊದಲ ದಿನವೇ ಮೂರು ನಾಲ್ಕು ಚಮಚ ಹಾಕಿಕೊಂಡವರು ಎರಡನೇ ದಿನ ಬಿಟ್ಟುಬಿಡುತ್ತಾರೆ. ದಿನಕ್ಕೆ 2–3 ಗ್ರಾಂನಿಂದ ಶುರು ಮಾಡಿ, ಕೆಲವು ದಿನಕ್ಕೊಮ್ಮೆ ಸ್ವಲ್ಪ ಏರಿಸುತ್ತಾ ಹೋದರೆ ಹೆಚ್ಚಿನವರಿಗೆ ಹೊಂದಿಕೊಳ್ಳುತ್ತದೆ. ಸೂಕ್ಷ್ಮ ಕರುಳಿನ ತೊಂದರೆ, ಅಂದರೆ ಐಬಿಎಸ್ ಇರುವವರಿಗೆ ಮಾತ್ರ ಇದು ಆಗಿಬರುವುದು ಕಷ್ಟ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ ಪ್ರಸಿದ್ಧಿಗೆ ತಂದ, ಕರುಳಿನಲ್ಲಿ ಬೇಗ ಹುದುಗುವ ಆಹಾರಗಳನ್ನು ಕಡಿಮೆ ಮಾಡುವ ಫೋಡ್‌ಮ್ಯಾಪ್ ಪಥ್ಯದಲ್ಲಿ ದೂರ ಇಡಿ ಎಂದು ಹೇಳುವ ವಸ್ತುಗಳಲ್ಲಿ ಈ ಸರಗಳೂ ಸೇರಿವೆ.

ಅಕಾರ್ಬೋಸ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಗ್ಯಾಸಿನ ಪರಿಚಯ ಈಗಾಗಲೇ ಇರುತ್ತದೆ. ಆ ಮಾತ್ರೆ ಸಣ್ಣ ಕರುಳಿನ ಕಿಣ್ವಗಳ ಕೈ ಕಟ್ಟುತ್ತದೆ. ಬಿಚ್ಚದೇ ಉಳಿದ ಪಿಷ್ಟ ಮತ್ತು ಸಕ್ಕರೆ ದೊಡ್ಡ ಕರುಳಿಗೆ ಹೋಗಿ ಹುದುಗುತ್ತವೆ. ಕಿಣ್ವಕ್ಕೆ ಗಂಟು ಗೊತ್ತಿಲ್ಲದಿದ್ದರೂ ಅಷ್ಟೇ, ಕಿಣ್ವದ ಕೈ ಕಟ್ಟಿದರೂ ಅಷ್ಟೇ, ಕೊನೆ ಒಂದೇ. ಎರಡನ್ನೂ ಒಟ್ಟಿಗೆ ಶುರು ಮಾಡುವ ಮೊದಲು ವೈದ್ಯರ ಹತ್ತಿರ ಒಂದು ಮಾತು ಕೇಳಿ. ಊಟದ ಸಕ್ಕರೆ ಲೆಕ್ಕ ಹಾಕಿ ಇನ್ಸುಲಿನ್ ಚುಚ್ಚಿಕೊಳ್ಳುವವರೂ ಕೇಳಲೇಬೇಕು. ಸಕ್ಕರೆ ತೆಗೆದು ಇದನ್ನು ಹಾಕಿದ ಮೇಲೂ ಹಳೆಯ ಲೆಕ್ಕದಲ್ಲೇ ಇನ್ಸುಲಿನ್ ಹೋದರೆ ಶುಗರ್ ಅಪಾಯಕ್ಕೆ ಇಳಿಯಬಹುದು.

ಮನೆಯಲ್ಲಿ ಪರೀಕ್ಷೆ ಮಾಡಿ ನೋಡುವ ಆಸೆ ಇದ್ದರೆ ಮಾಡಿ, ನಾನೇ ಅಮ್ಮನಿಗೆ ಹೇಳಿದ್ದೇನೆ. ಒಂದು ದಿನ ಸಕ್ಕರೆ ಹಾಕಿದ ಮೊಸರು, ಇನ್ನೊಂದು ದಿನ ಅಷ್ಟೇ ಮೊಸರಿಗೆ ಸಕ್ಕರೆಯ ಬದಲು ಈ ಪುಡಿ. ಎರಡೂ ದಿನ ಒಂದೇ ಹೊತ್ತು, ಖಾಲಿ ಹೊಟ್ಟೆ, ಅದೇ ಮಾತ್ರೆ. ತಿನ್ನುವ ಮೊದಲು ಒಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ಎರಡು ಗಂಟೆಯವರೆಗೆ ನೋಡಿ. ಒಂದೇ ಸಲದ ಅಂಕಿ ನಂಬಬೇಡಿ. ಮನೆಯ ಮೀಟರುಗಳಿಗೆ ಅಂತರರಾಷ್ಟ್ರೀಯ ಮಾನದಂಡವೇ ಶೇ. 15ರಷ್ಟು ಆಚೀಚೆ ಇರಲು ಬಿಟ್ಟಿದೆ. 150 ಎಂದು ತೋರಿಸಿದ್ದು ನಿಜಕ್ಕೂ 130ರ ಹತ್ತಿರ ಇರಬಹುದು, 170ರ ಹತ್ತಿರವೂ ಇರಬಹುದು. ಅದಕ್ಕೇ ಒಂದೂವರೆ ಚಮಚ ಸಕ್ಕರೆಯ ಚಹಾದಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟ.

ಆ ಡಬ್ಬಿ ಎಲ್ಲಿರಬೇಕು

ನನಗೆ ಭಯ ಹುಟ್ಟಿಸಿದ್ದು ಒಂದೇ ಸಂಗತಿ. ಅಮ್ಮನಿಗೆ ಎರಡು ಸಲ ರಾತ್ರಿ ಶುಗರ್ ಇಳಿದು ಮೈಯೆಲ್ಲ ಬೆವೆತು ಕೈ ನಡುಗಿದ್ದಿದೆ. 70ರ ಕೆಳಗೆ ಇಳಿದಾಗ ತಕ್ಷಣ 15 ಗ್ರಾಂ ಗ್ಲೂಕೋಸ್ ಬಾಯಿಗೆ ಹೋಗಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆ ಗಳಿಗೆಯಲ್ಲಿ ಕತ್ತಲೆಯಲ್ಲಿ ಕೈಗೆ ಸಿಕ್ಕ ಸಿಹಿ ಪುಡಿ ಇದಾಗಿಬಿಟ್ಟರೆ? ನಾಲಿಗೆಗೆ ಸಿಹಿ ತಾಗುತ್ತದೆ, ಸರಿ ಹೋಗುತ್ತದೆ ಎಂದು ಮಲಗುತ್ತಾರೆ, ರಕ್ತಕ್ಕೆ ಮಾತ್ರ ಏನೂ ಬರುವುದಿಲ್ಲ. ಊಟದ ನಂತರ ಒಳ್ಳೆಯದಾಗಿದ್ದ ಅದೇ ಗುಣ ಇಲ್ಲಿ ಅಪಾಯ. ಅಕಾರ್ಬೋಸ್ ತೆಗೆದುಕೊಳ್ಳುವವರಿಗಂತೂ ಮಾಮೂಲಿ ಸಕ್ಕರೆಯೂ ಆಗ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸೇ ಬೇಕು.

ಈಗ ಅಮ್ಮನ ಹಾಸಿಗೆ ಪಕ್ಕ ಗ್ಲೂಕೋಸ್ ಪೊಟ್ಟಣ ಇದೆ. ಬಿಳಿ ಪುಡಿಯ ಡಬ್ಬಿ ಕಪಾಟಿನ ಮೂಲೆಯಿಂದ ಚಹಾಪುಡಿಯ ಪಕ್ಕಕ್ಕೆ ಬಂದಿದೆ. ಅದರ ಮೇಲೆ ಮಾರ್ಕರ್‌ನಲ್ಲಿ ಎರಡು ಸಾಲು ಬರೆದಿದ್ದೇನೆ. ‘ಸಕ್ಕರೆ ಹಾಕಿದರೆ ಇದು ಬೇಡ. ಶುಗರ್ ಇಳಿದರೆ ಇದು ಬೇಡವೇ ಬೇಡ.’